ಹೆಜ್ಜಾರ್ಲೆಗಳ ಗಂಡನ ಮನೆ

ಮಕ್ಕಳೇ, ನಿಮ್ಮ ಅಜ್ಜಿ ರಾಮೇಶ್ವರಕ್ಕೆ ಹೋಗಿ ಬಂದವಳು ಎಂದು ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಹೇಳುವವರ ಮೇಲೆ ನನಗೆ ಕೋಪವಿಲ್ಲ. ಹಾಗೆ ಹೇಳಿಸಿದವರ ಮೇಲೆ ಸ್ವಲ್ಪ ಇದೆ. ನಾನು ರಾಮೇಶ್ವರಕ್ಕೆ ಹೋಗಲಿಲ್ಲ. ಪಾಂಬನ್ ಎಂಬ ಕಡೆ ರೈಲುದಾರಿ ಎರಡಾಗಿ ಒಡೆಯುತ್ತದೆ. ಒಂದು ದೇವರ ಕಡೆಗೆ ಹೋಗುತ್ತದೆ, ಇನ್ನೊಂದು ಹಡಗಿನ ಕಡೆಗೆ. ನಾನು ಹಡಗಿನ ಕಡೆಯ ಗಾಡಿಯಲ್ಲಿ ಕೂತಿದ್ದೆ. ಗೊತ್ತಿಲ್ಲದೆ ಕೂತಿರಲಿಲ್ಲ, ಬೇಕೆಂದೇ ಕೂತಿದ್ದೆ.

ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ಎಂದು ನಿಮಗೆ ಗೊತ್ತು. ಊರ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಓದಿದ್ದೇನೆ, ಅಷ್ಟೇ. ಆದರೆ ಕಾಗದದ ಮುಂದೆ ನನಗೆ ನಾಚಿಕೆಯಿಲ್ಲ. ಅದು ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಬೆಳ್ಳೂರು

ಇದು ನಡೆದದ್ದು ದೊಡ್ಡ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ನಿಮ್ಮಲ್ಲಿ ಯಾರೂ ಇನ್ನೂ ಹುಟ್ಟಿರಲಿಲ್ಲ.

ಪುಷ್ಯ ಮಾಸ ಬಂತೆಂದರೆ ಕೊಕ್ಕರೆಗಳೂ ಕೊಕ್ಕಿನಡಿ ಚೀಲವಿರುವ ಹೆಜ್ಜಾರ್ಲೆಗಳೂ ಬಂದು ನಮ್ಮೂರ ಹುಣಸೆಮರಗಳಲ್ಲಿ ಗೂಡು ಕಟ್ಟುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಮೊಟ್ಟೆ ಇಟ್ಟು, ಮರಿ ಸಾಕಿ, ಜ್ಯೇಷ್ಠದ ಹೊತ್ತಿಗೆ ಹೊರಟುಬಿಡುತ್ತವೆ. ಹೆರಿಗೆಗೆ ಬಂದ ಹೆಣ್ಣುಮಕ್ಕಳು ಎಂದೇ ನಾವು ಅವನ್ನು ಕರೆಯುವುದು. ಗೂಡಿರುವ ಮರದ ಹಣ್ಣನ್ನು ಯಾರೂ ಬಡಿಯುವುದಿಲ್ಲ. ಆ ಮರದ ಕೆಳಗೆ ತಮಟೆ ಬಾರಿಸುವುದಿಲ್ಲ. ಅವು ಹೊರಡುವ ವಾರ ನಮ್ಮತ್ತೆ ಮರದ ಬುಡದಲ್ಲಿ ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ, ಅರ್ಧ ಕೊಬ್ಬರಿ ಗಿಟುಕು ಇಟ್ಟು ಬರುತ್ತಿದ್ದರು. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವುದಿಲ್ಲವೇ, ಹಾಗೆ. ನಾನು ಬುಟ್ಟಿ ಹಿಡಿದು ಅವರ ಹಿಂದೆ ನಿಂತಿರುತ್ತಿದ್ದೆ.

ನಿಮ್ಮ ತಾತ ಜ್ವರದಲ್ಲಿ ಹೋದ ಮೇಲೆ ಆ ಬುಟ್ಟಿ ಹಿಡಿಯುವುದೂ ನನಗೆ ತಪ್ಪಿತು. ಗಂಡ ಸತ್ತವಳು ಮಡಿಲಕ್ಕಿ ಮುಟ್ಟಬಾರದು. ನಿಮ್ಮವ್ವ ಕೆಂಪಿಗೆ ಆಗ ಮೂರು ವರ್ಷ. ಮುಂದೆ ಅವಳನ್ನು ಮಳವಳ್ಳಿಗೆ ಕೊಟ್ಟು ಮದುವೆ ಮಾಡಿದಾಗ ಅವಳ ಸೆರಗಿಗೆ ಅಕ್ಕಿ ಹಾಕಿದವಳು ನನ್ನ ಓರಗಿತ್ತಿ ಸಣ್ಣಮ್ಮಕ್ಕ. ನಾನು ರಾಗಿ ಗುಡಾಣದ ಹಿಂದೆ ನಿಂತು ನೋಡಿದೆ. ಹೆತ್ತವಳು ನಾನು. ಗುಡಾಣದ ಹಿಂದೆ ನಿಂತವಳೂ ನಾನು.

ಎಸ್ತರಮ್ಮ ಎಂಬ ಟೀಚರಮ್ಮನ ಹೆಸರು ನೀವು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಕ್ರಿಸ್ತರವರು, ಮದುವೆಯಾಗಿರಲಿಲ್ಲ. ರಜ ಬಂದರೆ ದುರ್ಬೀನು ಕತ್ತಿಗೆ ನೇತು ಹಾಕಿಕೊಂಡು ನಮ್ಮೂರಿಗೆ ಬಂದು ಹಕ್ಕಿ ನೋಡುವವರು. ಯಾವ ಗೂಡಿನ ಮರಿಗೆ ಎಷ್ಟು ದಿನವಾಯಿತು ಎಂದು ನನ್ನನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ನಾನು ಸಲೀಸಾಗಿ ಮಾತಾಡುತ್ತಿದ್ದುದು ಅವರ ಜೊತೆ ಮಾತ್ರ. ಒಂದು ಸಲ ನಾನೇ ಕೇಳಿದೆ.

"ಇವು ಇಲ್ಲಿಂದ ಎಲ್ಗೋಯ್ತವೆ ಟೀಚರಮ್ಮ?"

"ಗಂಡನ ಮನೆಗೆ ಅಂತ ನೀವೇ ಹೇಳ್ತೀರಲ್ಲ ನಂಜಮ್ಮ."

"ಅದ್ಸರಿ. ಗಂಡನ್ ಮನೆ ಎಲ್ಲೈತೆ?"

ಅವರು ನಕ್ಕರು. "ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸಿಲೋನಿನ ಹತ್ತಿರ ಮನ್ನಾರ್ ಅಂತ ಒಂದು ದ್ವೀಪ ಇದೆ. ಅಲ್ಲಿ ಇಂಥವೇ ಹಕ್ಕಿಗಳಿವೆಯಂತೆ. ಭಾದ್ರಪದದಲ್ಲಿ ನಾವು ಕೆಲವರು ಅಲ್ಲಿ ಡೇರೆ ಹಾಕ್ಕೊಂಡು ಹತ್ತು ದಿನ ಇರೋಕೆ ಹೋಗ್ತಿದ್ದೀವಿ. ನೀವೂ ಬನ್ನಿ. ನನಗೂ ಡೇರೆಯಲ್ಲಿ ಒಬ್ಬರು ಜೊತೆ ಬೇಕು."

ನಮ್ಮ ಭಾವ ಮರೀಗೌಡರು, ಅಂದರೆ ನಿಮ್ಮ ದೊಡ್ಡ ತಾತ, ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ತಮ್ಮನ ಹೆಂಡತಿಯೊಡನೆ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಅವರು ಜಗಲಿಯ ಮೇಲೆ, ನಾನು ಬಾಗಿಲ ಹಿಂದೆ, ಅವರ ಹೆಂಡತಿ ಸಣ್ಣಮ್ಮಕ್ಕ ನಡುವೆ. ಇಬ್ಬರಿಗೂ ಕಿವಿ ಕೇಳಿಸುತ್ತಿತ್ತು, ಆದರೂ ಮಾತು ಅಕ್ಕನ ಬಾಯಿಂದಲೇ ಹೋಗಿ ಬರಬೇಕಿತ್ತು.

"ಏಳೇ ಅವ್ಳಿಗೆ," ಎಂದರು ಭಾವ. "ನೀರೇ ನೋಡ್ಬೇಕು ಅಂದ್ರೆ ಮುತ್ತತ್ತೀಲಿ ಕಾವೇರಿ ಅವ್ಳೆ, ನೋಡ್ಕಂಡ್ ಬರ್ಲಿ. ಕೊಕ್ರೆ ನೋಡ್ಬೇಕು ಅಂದ್ರೆ ಇತ್ಲಿಗೆ ಓಗಿ ತಲೆ ಎತ್ತುದ್ರೆ ಸಾಕು."

"ಕೇಳಿಸ್ತಾ?" ಎಂದಳು ಅಕ್ಕ.

"ಕೇಳಿಸ್ತು. ನಾನು ಓಯ್ತೀನಿ ಅಂತ ಏಳಕ್ಕ."

"ಓಯ್ತಾಳಂತೆ."

ಭಾವ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರಿದರು. "ಸಮುದ್ರ ದಾಟಿ ಬಂದೋಳು ಈ ಮನೆ ಒಲೆ ಮುಟ್ಟಂಗಿಲ್ಲ ಅಂತ ಏಳು. ಮಗ್ಳು ಬಸ್ರಿ ಅವ್ಳೆ. ಚೊಚ್ಚಲ ಬಾಣಂತನ ತವ್ರು ಮನೇಲಿ ಆಗ್ಬೇಕೋ ಬ್ಯಾಡ್ವೋ, ಅದ್ನೂ ಯೋಚ್ನೆ ಮಾಡು ಅಂತ ಏಳು."

ಅಕ್ಕ ಇದನ್ನು ತಿರುಗಿಸಿ ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕೆಂಪಿಗೆ ಆಗ ನಾಲ್ಕು ತಿಂಗಳು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಹೊಲದಲ್ಲಿ ಕಳೆ ಕೀಳುತ್ತಾ ಒಂದು ವಿಷಯ ಹೊಳೆಯಿತು. ನಾನು ಹೋಗದೆ ಉಳಿದರೆ ಕೆಂಪಿಯ ಬಾಣಂತನ ಆ ಮನೆಯಲ್ಲೇ ಆಗುತ್ತದೆ, ನಿಜ. ಆದರೆ ನಾನು ಗುಡಾಣದ ಹಿಂದೆಯೇ ಇರುತ್ತೇನೆ. ಹೋದರೂ ಗುಡಾಣದ ಹಿಂದೆಯೇ. ಹಾಗಿದ್ದ ಮೇಲೆ ಸಮುದ್ರವನ್ನಾದರೂ ನೋಡಿ ಬಂದು ನಿಲ್ಲೋಣ ಅನ್ನಿಸಿತು.

ಹೊರಡುವ ಹಿಂದಿನ ದಿನ ಪಕ್ಕದ ಮನೆ ದ್ಯಾವಮ್ಮಜ್ಜಿ ಹಿತ್ತಲ ಬಾಗಿಲಲ್ಲಿ ಬಂದಳು. ಸೆರಗಿನಲ್ಲಿ ಅಕ್ಕಿ. ಅವಳ ಹಿಂದೆ ಇನ್ನೂ ಆರೇಳು ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು. ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು, ಅಡಿಕೆ. ಯಾರೋ ಒಬ್ಬಳು ಹಸಿರು ರವಿಕೆ ಕಣವನ್ನೇ ತಂದಿದ್ದಳು.

"ಎಷ್ಟ್ ವರ್ಸದಿಂದ ಬತ್ತಾವ್ರೆ ನಮ್ ಎಣ್ಮಕ್ಳು," ಎಂದಳು ಅಜ್ಜಿ. "ಅವರ್ ಗಂಡನ್ ಮನೆ ಕಡೆ ಒಬ್ರಾದ್ರೂ ತಲೆ ಆಕಿ ಮಲಗಿದೀವಾ? ನೀ ಓಯ್ತಾ ಇದ್ದೀಯ. ಬರಿಗೈಲಿ ಓಗ್ಬ್ಯಾಡ."

ಅಷ್ಟು ಹೇಳಿ ನನ್ನ ಕುಂಕುಮವಿಲ್ಲದ ಹಣೆ ನೋಡಿದಳು. "ಆದ್ರೆ ನಿನ್ ಕೈಲಿ ಆಕ್ಬ್ಯಾಡ ಕಣಮ್ಮ. ಬೇಜಾರ್ ಮಾಡ್ಕಬ್ಯಾಡ. ಅಲ್ಲೂ ಮುತ್ತೈದೇರು ಇರ್ತಾರೆ. ಅವರ್ ಕೈಲಿ ಆಕ್ಸು."

ಗಂಟು ಹೊತ್ತುಕೊಳ್ಳುವುದಕ್ಕೆ ನಾನು ಆಗುತ್ತೇನೆ, ಬಿಚ್ಚುವುದಕ್ಕೆ ಆಗುವುದಿಲ್ಲ. ಹೂಂ ಎಂದೆ. ಹೂಂ ಅನ್ನುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಮಂಡಪಂ

ಹಡಗು ಹತ್ತುವ ಮುಂಚೆ ಮಂಡಪಂನಲ್ಲಿ ನಮ್ಮನ್ನು ಇಳಿಸಿ ಡಾಕ್ಟರು ನಾಲಿಗೆ, ಕಣ್ಣು ನೋಡಿದರು. ನಾಲಿಗೆ ತೋರಿಸುವುದಕ್ಕೇ ನನಗೆ ಅರ್ಧ ಗಳಿಗೆ ಹಿಡಿಯಿತು. ಆಮೇಲೆ ಗುಮಾಸ್ತೆಯ ಸಾಲು. ಟೀಚರಮ್ಮನನ್ನು ಇನ್ನೊಂದು ಕೋಣೆಗೆ ಕರೆದರು. ಈ ಕಡೆ ನಾನೊಬ್ಬಳೇ ಉಳಿದೆ.

ಗುಮಾಸ್ತೆಗೆ ಅರೆಬರೆ ಕನ್ನಡ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನ್ನ ಹೆಸರು, ಊರು ಕೇಳಿದರು, ಹೇಳಿದೆ. ಗಂಡನ ಹೆಸರು ಕೇಳಿದರು.

ಮಕ್ಕಳೇ, ಗಂಡನ ಹೆಸರನ್ನು ನಾವು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು. ಊರಲ್ಲಾದರೆ ಪಕ್ಕದಲ್ಲಿರುವ ಯಾರಾದರೂ ಹೇಳಿಬಿಡುತ್ತಾರೆ. ಇಲ್ಲಿ ಪಕ್ಕದಲ್ಲಿದ್ದವರು ತೇಯಿಲೆ ತೋಟಕ್ಕೆ ಹೋಗುವ ತಮಿಳು ಹೆಂಗಸರು. ನಾನು ತಲೆ ತಗ್ಗಿಸಿದೆ.

"ಗಂಡನ ಹೆಸರಮ್ಮ. ಇಲ್ಲವಾ ಗಂಡ?"

"ಇದ್ರು."

"ಏನು ಹೆಸರು?"

ಬರೆಯಲು ಏನಾದರೂ ಕೊಡಿ ಎಂದು ಕೈಸನ್ನೆ ಮಾಡಿದೆ. ಅವರು ಪೆನ್ಸಿಲು ಕೊಟ್ಟರು. ಕಾಗದದ ಚೂರಿನ ಮೇಲೆ ದುಂಡಗೆ ಕನ್ನಡದಲ್ಲಿ ಬರೆದು ಕೊಟ್ಟೆ. ಅವರು ಅದನ್ನು ನೆಟ್ಟಗೆ ಹಿಡಿದು ನೋಡಿದರು, ತಲೆಕೆಳಗು ಹಿಡಿದು ನೋಡಿದರು. ಪಕ್ಕದ ಮೇಜಿಗೆ ಕಳಿಸಿದರು. ಅಲ್ಲಿಂದ ಮುಂದಿನ ಮೇಜಿಗೆ ಹೋಯಿತು. ನಿಮ್ಮ ತಾತ ಬದುಕಿದ್ದಾಗ ಮದ್ದೂರು ದಾಟಿ ಹೋದವರಲ್ಲ. ಅವರ ಹೆಸರು ಈಗ ಮಂಡಪಂನ ಮೇಜು ಮೇಜು ಸುತ್ತುತ್ತಿತ್ತು. ಎಲ್ಲರೂ ಆ ಅಕ್ಷರಗಳು ಜಿಲೇಬಿಯ ಹಾಗಿವೆ ಎಂದು ನಕ್ಕರು. ಹಿಂದಿನವರು ನೂಕತೊಡಗಿದರು. ಹೆಸರಿಲ್ಲದಿದ್ದರೆ ಪಕ್ಕಕ್ಕೆ ನಿಲ್ಲಿ, ನಾಳಿನ ಹಡಗಿಗೆ ನೋಡೋಣ ಎಂದರು.

ಆಗ ನನಗೆ ಒಂದು ಯೋಚನೆ ಬಂತು. ಹದಿನಾಲ್ಕು ವರ್ಷದ ಹಿಂದೆ ಸತ್ತವರ ಆಯಸ್ಸನ್ನು ನಾನು ಇನ್ನು ಎಷ್ಟು ಕಡಿಮೆ ಮಾಡಬಲ್ಲೆ? ಹೆಸರು ಹೇಳದೆ ಇದ್ದಾಗಲೂ ಅವರು ಉಳಿಯಲಿಲ್ಲವಲ್ಲ.

"ಪುಟ್ಟಸ್ವಾಮಿ," ಎಂದೆ.

ನನ್ನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಗುಮಾಸ್ತೆ ಕೇಳಿಸಲಿಲ್ಲ ಎಂದರು. ಈ ಸಲ ಗಟ್ಟಿಯಾಗಿ ಹೇಳಿದೆ, ಸ್ಕೂಲಿನಲ್ಲಿ ಮಗ್ಗಿ ಹೇಳುತ್ತಿದ್ದ ಹಾಗೆ. ಅವರು ಬರೆದುಕೊಂಡರು. ಏನೂ ಆಗಲಿಲ್ಲ. ಆಗಲಿಲ್ಲ ಎಂದರೆ ತಪ್ಪಾದೀತು. ಒಳ್ಳೆಯ ಹೆಸರು ಅದು, ಇಷ್ಟು ದಿನ ಸುಮ್ಮನೆ ಬಚ್ಚಿಟ್ಟಿದ್ದೆನಲ್ಲ ಅನ್ನಿಸಿತು.

ಟೀಚರಮ್ಮ ಓಡಿ ಬಂದು ಏನಾಯಿತು ಎಂದರು. "ಏನಿಲ್ಲ, ನಮ್ ಯಜಮಾನ್ರ ಹೆಸರು ಕೇಳುದ್ರು, ಏಳ್ದೆ," ಎಂದೆ. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಹಡಗು

ಹಡಗಿನ ವಿಷಯ ಬರೆಯುವಷ್ಟು ನಾನು ನೋಡಲಿಲ್ಲ. ಶಿಂಷಾ ನದಿಯಲ್ಲಿ ಹರಿಗೋಲು ಹತ್ತಿದವಳಿಗೆ ಇದೇನು ಮಹಾ ಎಂದು ಹೊರಟಾಗ ಅಂದುಕೊಂಡಿದ್ದೆ. ಹರಿಗೋಲು ಗಿರಗಿರ ತಿರುಗುತ್ತದೆ, ಆದರೆ ಅಡಿಯಿಂದ ಮೇಲಕ್ಕೆ ಎತ್ತಿ ಹಾಕುವುದಿಲ್ಲ. ದಾರಿಯುದ್ದಕ್ಕೂ ಮಡಿಲಕ್ಕಿ ಗಂಟನ್ನು ತಬ್ಬಿಕೊಂಡು ಕಣ್ಣು ಮುಚ್ಚಿಕೊಂಡಿದ್ದೆ. ತೋಟಕ್ಕೆ ಹೋಗುವ ಒಬ್ಬ ಹೆಂಗಸು ನಿಂಬೆಹಣ್ಣು ಕೊಟ್ಟು ಮೂಸಿಸಿದಳು. ಅವಳ ಜಾತಿ ನಾನು ಕೇಳಲಿಲ್ಲ, ನನ್ನದನ್ನು ಅವಳೂ ಕೇಳಲಿಲ್ಲ. ವಾಂತಿ ಮಾಡಿಕೊಳ್ಳುವಾಗ ಎಲ್ಲರೂ ಒಂದೇ ಕಡೆಗೆ ಬಗ್ಗುತ್ತಾರೆ.

ಮನ್ನಾರ್

ಪರದೇಶ ಎಂದರೆ ಬೆಟ್ಟ, ಅರಮನೆ ಇರಬಹುದು ಎಂದುಕೊಂಡಿದ್ದೆ. ಮನ್ನಾರ್ ರಾಗಿ ಕಣದ ಹಾಗೆ ಚಪ್ಪಟೆ. ಮರಳು, ತಾಳೆಮರ, ಗಾಳಿ. ಎತ್ತಿಗಿಂತ ಕತ್ತೆಗಳು ಹೆಚ್ಚು. ಯಾರ ಕತ್ತೆ ಎಂದು ಗುರುತಿಲ್ಲದೆ ಬೀದಿ ಬೀದಿ ತಿರುಗುತ್ತವೆ. ಒಂದು ಕಡೆ ಒಂದು ಮರವಿತ್ತು. ಅದರ ಬೊಡ್ಡೆ ನಮ್ಮ ದನದ ಕೊಟ್ಟಿಗೆಯಷ್ಟು ದಪ್ಪ, ಮೇಲೆ ನಾಲ್ಕೇ ಕೊಂಬೆ. ಅರಬರು ಯಾವ ಕಾಲದಲ್ಲೋ ನೆಟ್ಟದ್ದಂತೆ. ತಿಂದಿದ್ದನ್ನೆಲ್ಲ ಹೊಟ್ಟೆಗೇ ಇಳಿಸಿಕೊಂಡ ಸಾಹುಕಾರನ ಹಾಗೆ ನಿಂತಿತ್ತು.

ಪ್ರವಾಸಿಗಳು ಇಳಿಯುವ ಒಂದು ಬಂಗಲೆ, ಅದರ ಹಿಂದೆ ಹಿನ್ನೀರಿನ ದಡದಲ್ಲಿ ನಮ್ಮ ಡೇರೆಗಳು. ಆ ತಿಂಗಳು ಅಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಮೊದಲ ದಿನ ಮಧ್ಯಾಹ್ನವೇ ನಮ್ಮ ಡೇರೆ ಗೂಟ ಕಿತ್ತುಕೊಂಡು, ಒಳಗೆ ತಲೆ ಬಾಚುತ್ತಿದ್ದ ಟೀಚರಮ್ಮನನ್ನು ಬಯಲಲ್ಲಿ ಬಿಟ್ಟು, ತಾನು ಹೋಗಿ ಬೇಲಿ ಹಿಡಿಯಿತು. ಅವರು ಬಾಚಣಿಗೆ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು. ನಾನು ಜೀವನದಲ್ಲಿ ಅಷ್ಟು ನಕ್ಕಿರಲಿಲ್ಲ.

ಪಕ್ಕದ ಡೇರೆಯಲ್ಲಿ ಮದರಾಸಿನ ಒಬ್ಬ ರಾಯರು, ಅವರ ಹೆಂಡತಿ. ರಾಯರಿಗೆ ಹಕ್ಕಿ ಎಂದರೆ ಪ್ರಾಣ. ಅವರ ಹೆಂಡತಿಗೆ ಹಕ್ಕಿ ಎಂದರೆ ಮೂಗು ಮುಚ್ಚಿಕೊಳ್ಳುವಷ್ಟು ಬೇಸರ. ಆದರೆ ತುಂಬಾ ಒಳ್ಳೆಯ ಹೆಂಗಸು, ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಮಾತೂ ಕನ್ನಡ. ನೋಡಿದ ಕೂಡಲೇ ನನಗೆ ನೆಮ್ಮದಿಯಾಯಿತು. ಮುತ್ತೈದೆ ಸಿಕ್ಕಳು.

ಡೇರೆಗಳಿಗೆ ಸಿಹಿನೀರು ತರುತ್ತಿದ್ದವಳು ಸೂಸಮ್ಮ. ಆ ಊರಿನ ಬೆಸ್ತರವಳು, ನನ್ನ ವಯಸ್ಸಿನವಳೇ. ಎರಡು ಕತ್ತೆಗಳ ಮೇಲೆ ಮಣ್ಣಿನ ಕೊಡ ಹೇರಿಕೊಂಡು ಬರುತ್ತಿದ್ದಳು. ಗಂಡನನ್ನು ಸಮುದ್ರ ತೆಗೆದುಕೊಂಡು ಎಂಟು ವರ್ಷವಾಗಿತ್ತಂತೆ. ಆದರೂ ಕೆಂಪು ಚೌಕಳಿ ಸೀರೆ ಉಟ್ಟು, ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಾ ಓಡಾಡುತ್ತಿದ್ದಳು. ನಿಧಾನವಾಗಿ ಹೇಳಿದರೆ ಅವಳ ತಮಿಳು ನನಗೆ ಅರ್ಥವಾಗುತ್ತಿತ್ತು. ತಿಳಿಯದಿದ್ದರೆ ಟೀಚರಮ್ಮ ಬಿಡಿಸಿ ಹೇಳುತ್ತಿದ್ದರು.

ಹಿನ್ನೀರು

ಎರಡನೇ ದಿನ ಬೆಳಗ್ಗೆ ಹೆಜ್ಜಾರ್ಲೆಗಳನ್ನು ಕಂಡೆ. ಮೊದಲು ಗುರುತೇ ಸಿಗಲಿಲ್ಲ.

ನಮ್ಮೂರಲ್ಲಿ ಅವು ಹೇಗಿರುತ್ತವೆ ನೀವೇ ನೋಡಿದ್ದೀರಿ. ಮರದ ಮೇಲೆ ಕೂತು ಕೊಕ್ಕು ಆಡಿಸುತ್ತಾ, ಜಗಳವಾಡುತ್ತಾ, ಮೈ ಚಾಚಿಕೊಂಡು. ತವರಿಗೆ ಬಂದವರ ದರ್ಬಾರು. ಇಲ್ಲಿ ಅವು ನೀರಿನ ಮೇಲೆ ಒಂದು ಸಾಲಾಗಿ ತೇಲುತ್ತಿದ್ದವು. ಸಾಲು ಬಾಗಿ ಅರ್ಧ ಚಂದ್ರವಾಗುತ್ತದೆ. ಎಲ್ಲವೂ ಒಟ್ಟಿಗೆ ಮೀನುಗಳನ್ನು ದಡದ ಕಡೆ ಅಟ್ಟುತ್ತವೆ. ಎಲ್ಲವೂ ಒಟ್ಟಿಗೆ ತಲೆ ಮುಳುಗಿಸುತ್ತವೆ. ಒಂದಾದರೂ ಬಾಯಿ ಬಿಡುವುದಿಲ್ಲ. ಒಂದು ಹಿಂದೆ ಬಿದ್ದರೆ ಸಾಲು ಅದಕ್ಕೆ ಕಾಯುವುದಿಲ್ಲ.

ನಾನು ದುರ್ಬೀನು ಕೆಳಗಿಟ್ಟೆ. "ಇವು ಸೊಸೇರು ಕಣ್ ಟೀಚರಮ್ಮ," ಎಂದೆ.

"ಏನು?"

"ನಮ್ಮೂರಲ್ಲಿ ಮಗ್ಳು. ಇಲ್ಲಿ ಸೊಸೆ. ನೋಡಿ, ಎಂಗ್ ಬಾಯ್ ಮುಚ್ಕಂಡು ಗೇಯ್ತಾ ಅವೆ."

ಟೀಚರಮ್ಮ ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು. ರಾಯರು ಕೇಳಿಸಿಕೊಂಡು ನಕ್ಕರು, ಕೆಟ್ಟದಾಗಿ ಅಲ್ಲ. "ಇವು ನಿಮ್ಮೂರಿನವೇ ಅನ್ನೋದಕ್ಕೆ ಏನಮ್ಮ ಆಧಾರ? ಈ ಜಾತಿ ಹಕ್ಕಿ ದಕ್ಷಿಣದಲ್ಲೆಲ್ಲ ಇದೆ. ಇವು ಇಲ್ಲೇ ಹುಟ್ಟಿದವೂ ಆಗಿರಬಹುದು."

ನಾನು ತಲೆಯ ಮೇಲೆ ಸೆರಗೆಳೆದುಕೊಂಡೆ. ಆಧಾರ ನನ್ನ ಹತ್ತಿರ ಒಂದಿತ್ತು, ಹೇಳಲಿಲ್ಲ. ಹಿಂದಿನ ವರ್ಷ ಗೂಡಿನಿಂದ ಬಿದ್ದ ಒಂದು ಕೊಕ್ಕರೆ ಮರಿಯ ಕಾಲು ಮುರಿದಿತ್ತು. ಬಿದಿರು ಸೀಳು ಕಟ್ಟಿ, ಕೊಟ್ಟಿಗೆಯಲ್ಲಿ ಸಾಕಿ ಹಾರಿಸಿದ್ದೆ. ಕಾಲು ಕೂಡಿಕೊಂಡರೂ ಸ್ವಲ್ಪ ಸೊಟ್ಟ ಉಳಿದಿತ್ತು. ಕೊಕ್ಕರೆಗಳು ಕೆಸರಿನಲ್ಲಿ ನೂರಾರು ನಿಂತಿದ್ದವು. ಐದು ದಿನ ನಾನು ಒಂದೊಂದರ ಕಾಲನ್ನೂ ನೋಡಿದೆ. ಕಣ್ಣಲ್ಲಿ ನೀರು ಸುರಿಯುವ ತನಕ ನೋಡಿದೆ. ಸೊಟ್ಟಗಾಲಿನದು ಸಿಗಲಿಲ್ಲ. ಸಿಕ್ಕಿತು ಎಂದು ನಿಮಗೆ ಬರೆಯಬಹುದಿತ್ತು. ಸಿಗಲಿಲ್ಲ.

ಕತ್ತೆಯ ದಿನ

ಆರನೇ ದಿನ ರಾಯರ ಹೆಂಡತಿಯ ಮುಂದೆ ಧೈರ್ಯ ಮಾಡಿ ಗಂಟಿನ ವಿಷಯ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ತುಂಬಿತು. "ಅದಕ್ಕೇನಂತೆ, ನಾನು ಹಾಕ್ತೀನಿ. ಸಂಜೆ ಅವು ಬಂದು ಕೂರೋ ಮರ ಇದೆಯಲ್ಲ, ನಾಡಿದ್ದು ಅಲ್ಲಿಗೇ ಹೋಗೋಣ," ಎಂದರು.

ಮಾರನೆಯ ದಿನ ಗಂಟಿಗೆ ಗಾಳಿಯಾಡಲಿ ಎಂದು ಡೇರೆಯ ಬಾಗಿಲಲ್ಲಿ ಬಿಚ್ಚಿಟ್ಟು, ಟೀಚರಮ್ಮನಿಗೆ ಅಂಬಲಿ ಕಾಯಿಸಲು ಹೋದೆ. ತಿರುಗಿ ಬಂದಾಗ ಸೂಸಮ್ಮನ ಕತ್ತೆ ಬೆಲ್ಲ ಮುಗಿಸಿ ರವಿಕೆ ಕಣಕ್ಕೆ ಬಾಯಿ ಹಾಕಿತ್ತು. ಒಂದು ತುದಿ ಅದರ ಬಾಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಸೂಸಮ್ಮ ಬಂದು ಕತ್ತೆಯ ಕಿವಿಗೆ ಬಾರಿಸಿದಳು. ಕಣದ ಮೂಲೆ ಹೋಗಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

"ಒಂದು ಉಂಡೆ ಬೆಲ್ಲಕ್ಕೆ ಅಳುತ್ತೀಯಾ?" ಎಂದಳು ಸೂಸಮ್ಮ. ಎಲ್ಲ ಹೇಳಿದೆ. ಕೊನೆಗೆ ರಾಯರ ಹೆಂಡತಿಯ ಕೈಯಲ್ಲಿ ಹಾಕಿಸುತ್ತೇನೆ ಎಂದೆ.

"ಯಾಕೆ? ನಿನ್ನ ಕೈಗೆ ಏನಾಗಿದೆ?"

"ನಾನು ಗಂಡ ಸತ್ತವಳು."

ಅವಳು ತನ್ನ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ಉಪ್ಪುನೀರಿಗೆ ಬಿರಿದ ಕೈ. "ನಾನೂ ಅದೇ. ಈ ಕೇರಿಯಲ್ಲಿ ಹುಟ್ಟುವ ಮಕ್ಕಳೆಲ್ಲ ಈ ಕೈಗೇ ಬೀಳೋದು. ಇಲ್ಲಿ ಗಂಡಸರು ಕಡಲಿಗೆ ಹೋದರೆ ಬಂದರೆ ಬಂದರು. ಮುತ್ತೈದೆಯೇ ಬೇಕು ಅಂತ ಕೂತರೆ ನಮ್ಮಲ್ಲಿ ಹೆರಿಗೆಯೇ ಆಗೋಲ್ಲ." ಸಂಜೆ ಅವಳು ತಾಳೆಬೆಲ್ಲದ ಒಂದು ಉಂಡೆ ತಂದು ಗಂಟಿನ ಮೇಲೆ ಇಟ್ಟಳು. "ಕತ್ತೆ ತಿಂದದ್ದಕ್ಕೆ," ಎಂದಳು.

ಮರ

ಮರದ ಬಳಿ ಹೋಗಬೇಕಾದ ದಿನ ಬೆಳಗ್ಗೆ ರಾಯರ ಹೆಂಡತಿ ಡೇರೆಯ ಹಿಂದೆ ಬೇರೆ ಚಾಪೆ ಹಾಕಿಕೊಂಡು ದೂರ ಕೂತಿದ್ದರು. ನನ್ನನ್ನು ಕಂಡು ಮುಖ ಸಣ್ಣದು ಮಾಡಿಕೊಂಡರು. "ಏನು ಮಾಡಲಿ ನಂಜಮ್ಮ, ಹೊರಗಾಗಿಬಿಟ್ಟೆ. ಇನ್ನು ಮೂರು ದಿನ ಏನೂ ಮುಟ್ಟೋ ಹಾಗಿಲ್ಲ." ಮೂರು ದಿನದಲ್ಲಿ ನಾವು ಹಡಗಿನಲ್ಲಿರುತ್ತೇವೆ. ಅವರು ಮುತ್ತೈದೆ, ಅವರಿಗೂ ಮುಟ್ಟುವ ಹಾಗಿಲ್ಲ. ನಾನು ವಿಧವೆ, ನನಗೂ ಮುಟ್ಟುವ ಹಾಗಿಲ್ಲ. ನಡುವೆ ಗಂಟು ಕೂತಿತ್ತು. ಇದೊಳ್ಳೆ ಚೆನ್ನಾಯಿತಲ್ಲ ಎಂದು ನನಗೆ ಮೊದಲ ಸಲ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಅವರ ಮೇಲಂತೂ ಅಲ್ಲ.

ಗಂಟು ಎತ್ತಿಕೊಂಡು ಸೂಸಮ್ಮನ ಜೊತೆ ನೀರಿಗಿಳಿದೆ. ಟೀಚರಮ್ಮ ಹಿಂದೆ ಬಂದರು. ಮಂಡಿಯುದ್ದ ಕೆಸರು, ಒಂದು ಕೈ ಕತ್ತೆಯ ಬೆನ್ನ ಮೇಲೆ. ನೀರಿನ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಬಗ್ಗಿದ ಮರಗಳು. ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ ಗಾಳಿ ತಿರುಗಿತು, ವಾಸನೆ ಬಂತು. ಟೀಚರಮ್ಮ ಕರವಸ್ತ್ರ ತೆಗೆದರು. ನಾನು ನಿಂತುಬಿಟ್ಟೆ.

ಅದು ನಮ್ಮ ಬೀದಿಯ ವಾಸನೆ. ಫಾಲ್ಗುಣದಲ್ಲಿ ಹುಣಸೆಮರದ ಕೆಳಗಿನ ಗುಂಡಿಗಳಲ್ಲಿ ಹಿಕ್ಕೆಗೊಬ್ಬರ ಕಳಿಯುವಾಗ, ಊರಿಗೆ ಬಂದ ನೆಂಟರು ಮೂಗು ಹಿಡಿಯುವಾಗ, ನಮಗೆ ಮಾತ್ರ ಗೊತ್ತೇ ಆಗದ ವಾಸನೆ. ಸಮುದ್ರದ ಆಚೆ ನಿಂತು ನನಗೆ ಅದು ಮೊದಲ ಸಲ ಮೂಗಿಗೆ ಹೊಡೆಯಿತು. ರಾಯರು ಕೇಳಿದ ಆಧಾರ ಇದೇ. ಅವರ ಪುಸ್ತಕಕ್ಕೆ ಇದು ಸಾಲದು ಎಂದು ನನಗೂ ಗೊತ್ತು. ನನಗೆ ಸಾಕಾಯಿತು.

ಬುಡದಲ್ಲಿ ಮೂಲೆ ಹರಿದ ರವಿಕೆ ಕಣ ಹಾಸಿದೆ. ಅದರ ಮೇಲೆ ಅಕ್ಕಿ ಸುರಿದೆ. ಅರಿಶಿನ, ಅಡಿಕೆ, ಕೊಬ್ಬರಿ, ಸೂಸಮ್ಮನ ತಾಳೆಬೆಲ್ಲ. ಯಾವುದನ್ನೂ ಬೇರೆಯವರ ಕೈಗೆ ಕೊಡಲಿಲ್ಲ. ಮೂರು ಸಲ ಬೊಗಸೆ ತುಂಬಿ ಹಾಕಿದೆ. "ತವ್ರು ಮರೀಬ್ಯಾಡ್ರವ್ವ," ಎಂದೆ. ಮೇಲಿನಿಂದ ಒಂದು ಕೊಕ್ಕರೆ ಕತ್ತು ಬಗ್ಗಿಸಿ ನೋಡಿತು. ಆಮೇಲೆ ನನ್ನ ಭುಜದ ಮೇಲೆ ಹಿಕ್ಕೆ ಹಾಕಿತು. ಸೂಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಕ್ಕಿಯನ್ನು ಅವು ತಿನ್ನಲಿಲ್ಲ. ಮೀನು ತಿನ್ನುವವು ಯಾಕೆ ತಿನ್ನುತ್ತವೆ. ನಾವು ದಡ ಸೇರುವಷ್ಟರಲ್ಲಿ ಕಾಗೆಗಳು ಇಳಿದಿದ್ದವು. ಮಡಿಲಕ್ಕಿಯನ್ನು ಗಂಡನ ಮನೆಯಲ್ಲಿ ಯಾರು ಉಣ್ಣುತ್ತಾರೆ ಎಂದು ತವರಿನವರು ವಿಚಾರಿಸುವ ಪದ್ಧತಿಯಿಲ್ಲ.

ಮತ್ತೆ ಬೆಳ್ಳೂರು

ಊರಿಗೆ ಬಂದಾಗ ಬಾಗಿಲಲ್ಲಿ ಹೆಂಗಸರು ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ನನ್ನ ಕಾಲು ತೊಳೆದು ನಮಸ್ಕಾರ ಮಾಡತೊಡಗಿದರು. ಏನೆಂದು ತಿಳಿಯಲಿಲ್ಲ. ನಮ್ಮ ಭಾವ ಊರಲ್ಲೆಲ್ಲ ನಾನು ರಾಮೇಶ್ವರಕ್ಕೆ ಹೋಗಿದ್ದೇನೆ ಎಂದು ಹೇಳಿದ್ದರು. ಸಣ್ಣಮ್ಮಕ್ಕ ಒಳಗೆ ಎಳೆದು ಪಿಸುಗುಟ್ಟಿದಳು.

"ಸುಮ್ನೆ ಹೂಂ ಅನ್ನು. ಹಂಗಂದ್ರೆ ಒಲೆ ಮುಟ್ಟು, ಬಾಣಂತನಾನೂ ಮಾಡು ಅಂದವ್ರೆ. ಮಾನ ಉಳೀತದೆ. ಒಂದ್ ಹೂಂ ಕಣೇ ನಂಜಿ."

ಕೆಂಪಿಯ ಹೊಟ್ಟೆ ನನ್ನ ಕಣ್ಣ ಮುಂದೆ ಬಂತು. ಒಂದು ಹೂಂ. ಅದು ನನಗೆ ಚೆನ್ನಾಗಿ ಬರುತ್ತಿತ್ತು ಎಂದು ಆಗಲೇ ಬರೆದಿದ್ದೇನೆ. ಹೊರಗೆ ದ್ಯಾವಮ್ಮಜ್ಜಿ ಕಾಯುತ್ತಾ ಕೂತಿದ್ದಳು, ಅವಳ ಒಂದು ಹಿಡಿ ಅಕ್ಕಿ ಎಲ್ಲಿ ಸೇರಿತೆಂದು ಕೇಳಲು. ಅವಳಿಗೆ ರಾಮೇಶ್ವರದ ಮರಳನ್ನು ತೋರಿಸಲೇ?

ಜಗಲಿಗೆ ಬಂದೆ. ಭಾವ ಅಲ್ಲೇ ಇದ್ದರು. "ನಾನು ರಾಮೇಶ್ವರಕ್ಕೆ ಓಗಿರ್ಲಿಲ್ಲ ಕಣಜ್ಜಿ," ಎಂದೆ. "ಮನ್ನಾರಿಗೆ ಓಗಿದ್ದೆ. ನಮ್ ಎಣ್ಮಕ್ಳ ಮರ ಸಿಕ್ತು. ಮಡ್ಲಕ್ಕಿ ಆಕ್ದೆ. ಮುತ್ತೈದೆ ಸಿಗ್ನಿಲ್ಲ. ನನ್ ಕೈಲೇ ಆಕ್ದೆ."

ಅಜ್ಜಿ ಬಹಳ ಹೊತ್ತು ನನ್ನ ಕೈ ನೋಡಿ, "ಚೆನ್ನಾಗ್ ಅವ್ರಾ?" ಎಂದಳು.

"ಗೇಯ್ತಾ ಅವ್ರೆ ಕಣಜ್ಜಿ. ಚೆನ್ನಾಗ್ ಅವ್ರೆ."

ಭಾವ ಎದ್ದು ಒಳಗೆ ಹೋದರು. ಅಕ್ಕ ತಂದ ಮಾತು ನನಗೆ ಗೊತ್ತಿದ್ದದ್ದೇ. ಒಲೆಯೂ ಇಲ್ಲ, ಬಾಣಂತನವೂ ಇಲ್ಲ. ನಾನು ಹಿತ್ತಲ ಹುಣಸೆಮರದ ಕೆಳಗಿನ ಕೊಟ್ಟಿಗೆಗೆ ಹೋದೆ. ಅದು ನಿಮ್ಮ ತಾತನ ಪಾಲಿನದು. ಸಗಣಿ ಸಾರಿಸಿ, ಒಂದು ಮೂಲೆಗೆ ಮಣ್ಣಿನ ಒಲೆ ಹಾಕಿದೆ. ಪುಷ್ಯದಲ್ಲಿ ಕೊಕ್ಕರೆಗಳು ಬಂದವು, ಅದೇ ವಾರ ಕೆಂಪಿಯೂ ಬಂದಳು. ಮೇಲೆ ಅವು ಕಾವು ಕೂತವು. ಕೆಳಗೆ ಮಾಘದಲ್ಲಿ ಗಂಡು ಮಗು ಹುಟ್ಟಿತು. ಮಗುವಿನ ತೊಟ್ಟಿಲ ಮೇಲೆ ಹಿಕ್ಕೆ ಬೀಳದ ಹಾಗೆ ಟೀಚರಮ್ಮನ ಹಳೆಯ ಡೇರೆ ಬಟ್ಟೆ ಕಟ್ಟಿದ್ದೆ.

ಜ್ಯೇಷ್ಠದಲ್ಲಿ ಮಳವಳ್ಳಿಯಿಂದ ಗಾಡಿ ಬಂತು. ಕೆಂಪಿ ಕೊಟ್ಟಿಗೆಯ ಬಾಗಿಲಲ್ಲಿ ಮಗು ಎತ್ತಿಕೊಂಡು ಸೆರಗು ಚಾಚಿ ನಿಂತಳು. ಹಾಕಬೇಕಾದವಳು ಸಣ್ಣಮ್ಮಕ್ಕ. ಮೊರದಲ್ಲಿ ಅಕ್ಕಿ ಹಿಡಿದು ಬಂದಿದ್ದಳು. ಭಾವ ನನಗೂ ಕೆಂಪಿಗೂ ನಡುವೆ ಅಡ್ಡಲಾಗಿ ನಿಂತಿದ್ದರು. "ಅವ್ಳಿಗ್ ಏಳೇ, ದೂರ ನಿಂತ್ಕಳ್ಳಿ ಅಂತ," ಎಂದರು.

ಅಕ್ಕ ತಿರುಗಿಸಿ ಹೇಳುವ ಮುಂಚೆ ನಾನೇ ಮಾತಾಡಿದೆ. ಆ ಮನೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು, ಅವರ ಜೊತೆ ನೇರವಾಗಿ ಆಡಿದ್ದು ಅದೇ ಮೊದಲ ಮಾತು.

"ಭಾವ, ವಸಿ ಪಕ್ಕಕ್ ಬನ್ನಿ. ನನ್ ಮಗ್ಳಿಗೆ ಮಡ್ಲು ತುಂಬ್ಬೇಕು."

ಅವರು ಕೋಪಕ್ಕೆ ಸರಿದರೋ, ಬೆರಗಿಗೆ ಸರಿದರೋ ನನಗೆ ಗೊತ್ತಿಲ್ಲ. ಸರಿದರು. ಅಕ್ಕ ಮೊರವನ್ನು ನನ್ನ ಕೈಗೆ ಕೊಟ್ಟು, ತಾನು ಕೆಂಪಿಯ ಸೆರಗಿನ ಎರಡು ತುದಿ ಹಿಡಿದುಕೊಂಡಳು. "ನೀ ಆಕು. ಚೆಲ್ದಂಗೆ ನಾ ಇಡ್ಕತೀನಿ," ಎಂದಳು. ಮೂರು ಬೊಗಸೆ ಹಾಕಿದೆ. ಮೂರನೆಯದಕ್ಕೆ ಮಗು ಕೈ ಚಾಚಿ ಒಂದು ಹಿಡಿ ಅಕ್ಕಿ ಕಿತ್ತುಕೊಂಡು ಬಾಯಿಗಿಟ್ಟುಕೊಂಡಿತು. ಮಡಿಲಕ್ಕಿಯನ್ನು ಯಾರು ತಿಂದರು ಎಂದು ಆ ಸಲ ನಾನು ಕಣ್ಣಾರೆ ನೋಡಿದೆ.

ಆ ಮಗು ನೀನೇ, ಶಿವಣ್ಣ. ಈಗ ನಿನಗೆ ಓದಲು ಬರುತ್ತದೆ. ತಮ್ಮಂದಿರಿಗೂ ತಂಗಿಗೂ ಓದಿ ಹೇಳು. ನಿಮ್ಮ ತಾತನ ಹೆಸರು ಪುಟ್ಟಸ್ವಾಮಿ, ಗಟ್ಟಿಯಾಗಿ ಹೇಳಬಹುದು. ಅಜ್ಜಿ ರಾಮೇಶ್ವರಕ್ಕೆ ಹೋಗಿದ್ದಳಲ್ಲ ಎಂದು ಯಾರಾದರೂ ಕೇಳಿದರೆ ಹೂಂ ಅನ್ನಬೇಡಿ. ಹೆಣ್ಣುಮಕ್ಕಳ ಗಂಡನ ಮನೆ ನೋಡಲು ಹೋಗಿದ್ದಳು ಎನ್ನಿ.